ಗುಂಡು ಕಮ್ಮಿ, ಭಯ ಜಾಸ್ತಿ: ಸರ್ವೈವಲ್ ಹಾರರ್ ಗೇಮ್‌ಗಳ ‘ಶಿಕ್ಷೆ’ ಯಾಕೆ ಹಿಡಿಸುತ್ತೆ?

“ಲೇ, ಗುಂಡ್ ಹಾಳ್ ಮಾಡಬ್ಯಾಡೋ, ಓಡು!”

ದಾಂಡೇಲಿಯ ಗೆಳೆಯನ ಮನೆಯಲ್ಲಿ ಹಳೇ ಕಂಪ್ಯೂಟರ್ ಮುಂದೆ ಕೂತು ಮೊದಲ ಸಲ ‘ರೆಸಿಡೆಂಟ್ ಈವಿಲ್’ ಆಡಿದಾಗ ನನಗೆ ಸಿಕ್ಕ ಒಂದೇ ಪಾಠ ಇದು. ಪೇಪರ್ ಮಿಲ್ಲಿನ ಶಿಫ್ಟ್ ಮುಗಿಸಿ ಅವರಪ್ಪ ಬರೋದರೊಳಗೆ ಆಟ ನಿಲ್ಲಿಸಬೇಕಿತ್ತು. ಉದ್ದನೆಯ ಕಾರಿಡಾರ್, ಕಿಟಕಿ ಗಾಜು ಒಡೆದು ನಾಯಿಗಳು ನುಗ್ಗಿದವು. ಗಾಬರಿಯಲ್ಲಿ ಇದ್ದಬದ್ದ ಗುಂಡೆಲ್ಲ ಹಾರಿಸಿದೆ, ಅರ್ಧ ಗೋಡೆಗೆ ಬಿದ್ದವು. ಸತ್ತೆ. ಸೇವ್ ಮಾಡಿರಲಿಲ್ಲ. ಒಂದೂವರೆ ಗಂಟೆಯ ಆಟ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂಗಾಯ್ತು. ಮರುದಿನ ಮತ್ತೆ ಹೋದೆ. ಯಾಕೆ ಹೋದೆ ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋದು ಈ ಬರಹದ ಉದ್ದೇಶ.

ಭಯ ಹುಟ್ಟಿಸುವ ಗೇಮ್‌ಗಳು ಮೊದಲೂ ಇದ್ದವು. ಜಪಾನಿನ ಕ್ಯಾಪ್‌ಕಾಮ್ ಕಂಪನಿಯ ‘ಸ್ವೀಟ್ ಹೋಮ್’ 1989ರಲ್ಲಿ ಬಂತು, ಫ್ರಾನ್ಸಿನ ‘ಅಲೋನ್ ಇನ್ ದಿ ಡಾರ್ಕ್’ 1992ರಲ್ಲಿ. ಆದರೆ ‘ಸರ್ವೈವಲ್ ಹಾರರ್’ ಅನ್ನೋ ಹೆಸರು ಜನರ ಬಾಯಿಗೆ ಬಂದದ್ದು 1996ರ ‘ರೆಸಿಡೆಂಟ್ ಈವಿಲ್’ನಿಂದ. ನಿರ್ದೇಶಕ ಶಿಂಜಿ ಮಿಕಾಮಿ.

ಆ ಆಟದ ಲೆಕ್ಕಾಚಾರ ನೋಡಿ. ಕ್ರಿಸ್ ಆಗಿ ಆಡಿದರೆ ಜೊತೆಗೆ ಆರೇ ವಸ್ತು ಇಟ್ಕೊಬಹುದು, ಜಿಲ್ ಆಗಿ ಆಡಿದರೆ ಎಂಟು. ಪಿಸ್ತೂಲು ಒಂದು, ಗುಂಡು ಒಂದು, ಗಾಯಕ್ಕೆ ಸೊಪ್ಪು ಒಂದು, ಬೀಗದ ಕೈ ಒಂದು. ಮುಗೀತು ಜಾಗ. ಸೇವ್ ಮಾಡೋಕೆ ಟೈಪ್‌ರೈಟರ್ ಸಿಗಬೇಕು, ಅದಕ್ಕೆ ಹಾಕೋ ರಿಬ್ಬನ್ ಸಹ ಲೆಕ್ಕದಷ್ಟೇ. ಗುರಿ ಹಿಡಿದಾಗ ಕಾಲು ಎತ್ತೋಕಾಗಲ್ಲ. ಅಂದರೆ ಹೊಡೀಬೇಕು ಅಂದ್ರೆ ನಿಂತ್ಕೋಬೇಕು, ನಿಂತ್ಕೊಂಡ್ರೆ ಅದು ಹತ್ತಿರ ಬರುತ್ತೆ.

1999ರ ‘ಸೈಲೆಂಟ್ ಹಿಲ್’ ಇನ್ನೊಂದು ದಾರಿ ಹಿಡಿಯಿತು. ಅದರ ನಾಯಕ ಹ್ಯಾರಿ ಪೊಲೀಸನಲ್ಲ, ಸೈನಿಕನಲ್ಲ, ಮಗಳನ್ನು ಹುಡುಕುತ್ತಿರುವ ಒಬ್ಬ ಬರಹಗಾರ. ಓಡಿ ಓಡಿ ಏದುಸಿರು ಬಿಡ್ತಾನೆ. 2001ರ ‘ಫೇಟಲ್ ಫ್ರೇಮ್’ನಲ್ಲಿ ಬಂದೂಕಿನ ಬದಲು ಕ್ಯಾಮೆರಾ. ದೆವ್ವ ಮೈಮೇಲೆ ಬೀಳುವ ಕ್ಷಣದವರೆಗೆ ಕಾದು ಫೋಟೊ ತೆಗೆದರೆ ಪೆಟ್ಟು ಜೋರು. ಭಯಪಟ್ಟು ಬೇಗ ಒತ್ತಿದ್ರೆ ಫಿಲ್ಮ್ ದಂಡ. ಇದಕ್ಕಿಂತ ಜಾಣ ಐಡಿಯಾವನ್ನು ನಾನು ಬೇರೆ ಯಾವ ಆಟದಲ್ಲೂ ಕಂಡಿಲ್ಲ.

ಸಾಮಾನ್ಯ ಶೂಟಿಂಗ್ ಗೇಮ್‌ಗಳಲ್ಲಿ ಕೊಂದಷ್ಟೂ ಲಾಭ: ಪಾಯಿಂಟು, ಲೆವೆಲ್ಲು. ಇಲ್ಲಿ ಕೊಲ್ಲೋದು ಖರ್ಚು. ‘ರೆಸಿಡೆಂಟ್ ಈವಿಲ್’ನ 2002ರ ರೀಮೇಕ್‌ನಲ್ಲಂತೂ ಕೊಂದ ಜಾಂಬಿಯ ತಲೆ ಹಾರದೇ ಇದ್ದರೆ ಅಥವಾ ಹೆಣವನ್ನು ಸುಡದೇ ಬಿಟ್ಟರೆ, ಮುಂದೆ ಅದೇ ಜಾಂಬಿ ಕೆಂಪು ತಲೆ ಹೊತ್ತು, ಇನ್ನೂ ವೇಗವಾಗಿ ಎದ್ದು ಬರುತ್ತೆ. ಸುಡೋಕೆ ಸೀಮೆಎಣ್ಣೆಯೂ ಅಳತೆಯಷ್ಟೇ. ಹಾಗಾಗಿ ಯಾವ ಕೋಣೆಯ ಶತ್ರುವನ್ನು ಮುಗಿಸಬೇಕು, ಯಾರನ್ನು ಸುತ್ತಿ ಬಳಸಿ ದಾಟಬೇಕು ಅನ್ನೋದು ಮನೆಖರ್ಚಿನ ಲೆಕ್ಕದಷ್ಟೇ ಗಂಭೀರ. 2018ರ ‘ಫಿಯರ್ ಆ್ಯಂಡ್ ಹಂಗರ್’ ಇನ್ನೂ ಕ್ರೂರ. ಜಗಳಕ್ಕಿಳಿದ್ರೆ ಕೈಯೋ ಕಾಲೋ ಹೋಗಬಹುದು, ಗೆದ್ದರೂ ಲೆವೆಲ್ ಏರಲ್ಲ.

ನಮ್ಮ ಕಡೆಯವರಿಗೆ ಈ ತರ್ಕ ಅಷ್ಟೇನೂ ಹೊಸದಲ್ಲ. ಕಾಳಿ ಹುಲಿ ಮೀಸಲು ಪ್ರದೇಶದ ಅಂಚಿನ ಹಳ್ಳಿಗಳಲ್ಲಿ, ಜೋಯಿಡಾ ಕಡೆ, ಸಂಜೆ ಹೊತ್ತು ಕರಡಿ ಓಡಾಡುವ ದಾರಿಯಲ್ಲಿ ಜನ ಜೋರಾಗಿ ಮಾತಾಡ್ತಾ, ಸಪ್ಪಳ ಮಾಡ್ತಾ ಹೋಗ್ತಾರೆ. ಕೈಯಲ್ಲಿ ಕತ್ತಿ ಇದ್ದರೂ ಅದು ಕರಡಿ ಜೊತೆ ಕಾದಾಡೋಕಲ್ಲ. ಎದುರಾಗದಂತೆ ನೋಡಿಕೊಳ್ಳೋದೇ ಜಾಣತನ. ಕರಡಿ ದಾಳಿಯಲ್ಲಿ ಮುಖ ಹರಿಸಿಕೊಂಡವರ ನೋವನ್ನು ಆಟಕ್ಕೆ ಹೋಲಿಸ್ತಿಲ್ಲ, ಅವರಿಗೆ ರೀಸ್ಟಾರ್ಟ್ ಬಟನ್ ಇಲ್ಲ. ಹೇಳೋದಿಷ್ಟೇ: ತಪ್ಪಿಸಿಕೊಂಡು ಬಂದವನನ್ನು ಹೇಡಿ ಅನ್ನದ ಜಗತ್ತೊಂದನ್ನು ಈ ಗೇಮ್‌ಗಳು ಕಟ್ಟಿವೆ. ಎದೆ ಉಬ್ಬಿಸಿದವನೇ ಗಂಡು ಅಂತ ಕಲಿಸೋ ಸಿನಿಮಾ ನೋಡಿ ಬೆಳೆದ ನನಗೆ ಅದೊಂದು ಬಿಡುಗಡೆಯಾಗಿತ್ತು.

ಈಗ ‘ಗೇಮ್ ಅಂದ್ರೆ ಚಟ’ ಅನ್ನೋ ಮಾತಿಗೆ ಬರೋಣ. ಆನ್‌ಲೈನ್ ಜೂಜು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅದರ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತೇ ಪಾಸು ಮಾಡಿತು. ಚರ್ಚೆ ಮಾತ್ರ ಎಲ್ಲ ಆಟಗಳನ್ನೂ ಒಂದೇ ಗೋಣಿಚೀಲಕ್ಕೆ ತುಂಬಿತು. ರಮ್ಮಿ ಆ್ಯಪ್‌ನಲ್ಲಿ ಸೋತರೆ ‘ಇನ್ನೊಂದು ಕೈ ಆಡಿ, ವಾಪಸ್ ಬರುತ್ತೆ’ ಅನ್ನೋ ಆಸೆ. ಫ್ರೀ ಮೊಬೈಲ್ ಗೇಮ್‌ಗಳಲ್ಲಿ ಬೇಕಂತಲೇ ಕಿರಿಕಿರಿ ಕೊಟ್ಟು, ಅದರಿಂದ ಪಾರಾಗೋ ದಾರಿಯನ್ನು ಮಾರ್ತಾರೆ. ನಾನು ಹೇಳ್ತಿರೋ ಆಟಗಳಲ್ಲಿ ಸೋತ ಮೇಲೆ ಕಾರಣ ಕಣ್ಣೆದುರಿಗೇ ಇರುತ್ತೆ: ನಾಲ್ಕು ಗುಂಡು ಗೋಡೆಗೆ ಹೊಡೆದೆ, ಅದಕ್ಕೇ ಸತ್ತೆ. ಕಾರಣ ಗೊತ್ತಾಗುವ ಸೋಲು ಅವಮಾನ ಮಾಡಲ್ಲ.

ಹಾಗಂತ ಇಲ್ಲಿ ಎಲ್ಲ ಸಾಚಾ ಅಂತಲ್ಲ. 2023ರ ‘ರೆಸಿಡೆಂಟ್ ಈವಿಲ್ 4’ ರೀಮೇಕ್ ಬಿಡುಗಡೆಯಾದ ಮೇಲೆ ಆಯುಧ ಅಪ್‌ಗ್ರೇಡ್ ಮಾಡೋ ಟಿಕೆಟ್‌ಗಳನ್ನು ಕ್ಯಾಪ್‌ಕಾಮ್ ದುಡ್ಡಿಗೆ ಮಾರಿತು. ಕೊರತೆಯೇ ಆಟದ ಜೀವ ಅಂದಮೇಲೆ, ಆ ಕೊರತೆಯಿಂದ ಪಾರಾಗೋದನ್ನು ಮಾರಾಟಕ್ಕಿಟ್ಟರೆ ಉಳಿಯೋದೇನು? ಇನ್ನು ಕೆಲವು ಆಟಗಳಲ್ಲಿ ಕ್ಯಾಮೆರಾ ಕೆಟ್ಟದಾಗಿದ್ದದ್ದಕ್ಕೇ ಸಾಯ್ತೀವಿ. ಅದು ಶಿಕ್ಷೆಯಲ್ಲ, ಕಳಪೆ ಕೆಲಸ.

ಎಲ್ಲಿಂದ ಶುರು ಮಾಡಲಿ ಅಂತ ಕೇಳೋರಿಗೆ ನಾನು ಹೇಳೋದು ಪೋಲೆಂಡಿನ ‘ಡಾರ್ಕ್‌ವುಡ್’, 2017. ಹಗಲು ಕಾಡಲ್ಲಿ ಸಾಮಾನು ಹುಡುಕು, ರಾತ್ರಿ ಮನೆಯ ಕಿಟಕಿಗೆ ಹಲಗೆ ಹೊಡೆದು ಬೆಳಗಾಗೋವರೆಗೆ ಉಸಿರು ಬಿಗಿಹಿಡಿದು ಕೂರು. ಕೊಳ್ಳೋಕಾಗದವರು ಆಡಲಿ ಅಂತ ಅದನ್ನು ಮಾಡಿದವರೇ ಟೊರೆಂಟ್‌ನಲ್ಲಿ ಹಾಕಿದ್ದರು.

ಅಂದಹಾಗೆ, ಆ ರಜೆಯಲ್ಲಿ ನಾನೂ ಗೆಳೆಯನೂ ‘ರೆಸಿಡೆಂಟ್ ಈವಿಲ್’ ಮುಗಿಸಿದೆವು. ಕೊನೆಗೆ ಸಾಮಾನಿನ ಪೆಟ್ಟಿಗೆ ತೆಗೆದು ನೋಡಿದರೆ, ಮುಂದೆ ಬೇಕಾದೀತು ಅಂತ ಉಳಿಸುತ್ತಲೇ ಹೋಗಿದ್ದ ಗುಂಡು ರಾಶಿ ಬಿದ್ದಿತ್ತು. “ಮದ್ಲೇ ಹೊಡಿಬೋದಿತ್ತಲ್ಲೋ,” ಅಂದ ಅವನು.