ಸಭೆಯ ಫೋಟೊಗೆ ಯಾವ ಫ್ಲ್ಯಾಶ್? ಕೊಳ್ಳುವ ಮೊದಲು ತಿಳಿದಿರಬೇಕಾದದ್ದು

ಕೆಲವು ವರ್ಷಗಳ ಹಿಂದೆ ನಮ್ಮ ತಾಲ್ಲೂಕಿನ ಅಂಬೇಡ್ಕರ್ ಭವನದಲ್ಲಿ ಪೌರಕಾರ್ಮಿಕರ ಸಭೆ ನಡೆಯಿತು. ಫೋಟೊ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಗೆಳೆಯನಿಂದ ಕಡ ತಂದ ಫ್ಲ್ಯಾಶನ್ನು ಕ್ಯಾಮೆರಾ ಮೇಲೆ ಕೂರಿಸಿ, ನೇರ ವೇದಿಕೆ ಕಡೆ ತಿರುಗಿಸಿ, ಎಲ್ಲವನ್ನೂ ಆಟೊಗೆ ಬಿಟ್ಟು ಒತ್ತುತ್ತಾ ಹೋದೆ. ಮರುದಿನ ಫೋಟೊಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆ, ಅಂದು ಮೊದಲ ಸಲ ಮೈಕ್ ಹಿಡಿದು ಮಾತಾಡಿದ್ದ ಅಕ್ಕ ಒಬ್ಬರು ಫೋನ್ ಮಾಡಿದರು. "ಎಲ್ಲಾರ ಮುಖಾನೂ ಬಂದೈತೆ. ನನ್ ಮುಖ ಎಲ್ಲಪ್ಪಾ?" ಅಂದರು. ತೆಗೆದು ನೋಡಿದೆ. ಅಧ್ಯಕ್ಷರ ಬಿಳಿ ಅಂಗಿ ಫಳಫಳ ಅಂತಿತ್ತು, ಹಿಂದಿನ ಬಿಳಿ ಫ್ಲೆಕ್ಸ್ ಫಳಫಳ ಅಂತಿತ್ತು. ಮಾತಾಡಿದವರ ಮುಖ ಮಾತ್ರ ಕತ್ತಲಾಗಿತ್ತು.

ದೊಡ್ಡ ಪಕ್ಷಗಳ ಸಭೆಗೆ ಹತ್ತು ಕ್ಯಾಮೆರಾ ಬರುತ್ತವೆ. ಇಂಥ ಸಭೆಗಳಿಗೆ ಬರುವುದು ನಮ್ಮಂಥ ಒಬ್ಬರೋ ಇಬ್ಬರೋ. ನಾವು ಕೆಡಿಸಿದರೆ ಆ ದಿನದ ದಾಖಲೆಯೇ ಇಲ್ಲ. ಅವತ್ತಿನಿಂದ ಫ್ಲ್ಯಾಶ್ ಬಗ್ಗೆ ಕಲಿತದ್ದನ್ನು, ಕೊಳ್ಳಲು ಹೊರಟಿರುವ ಗೆಳೆಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಫ್ಲ್ಯಾಶ್ ಬೇಕಾ?

ಮೊಬೈಲಿನಲ್ಲೇ ಫೋಟೊ ತೆಗೆಯುವವರಿಗೆ ಈ ಲೇಖನದ ಫ್ಲ್ಯಾಶ್ ಕೆಲಸಕ್ಕೆ ಬರುವುದಿಲ್ಲ. ಇದು ಹಾಟ್ ಶೂ ಇರುವ, ಅಂದರೆ ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಲೋಹದ ತೋಡು ಇರುವ ಡಿಎಸ್ಎಲ್ಆರ್ ಮತ್ತು ಮಿರರ್‌ಲೆಸ್ ಕ್ಯಾಮೆರಾಗಳ ಮಾತು.

ಈಗಿನ ಕ್ಯಾಮೆರಾಗಳಲ್ಲಿ ಐಎಸ್ಒ 3200ರವರೆಗೆ ಧೈರ್ಯವಾಗಿ ಹೋಗಬಹುದು. ಎಫ್/1.8 ಇರುವ 50 ಮಿ.ಮೀ. ಲೆನ್ಸ್ ಇದ್ದರೆ ಟ್ಯೂಬ್‌ಲೈಟ್ ಬೆಳಕಿನಲ್ಲೂ ಚಿತ್ರ ಬರುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಹಾಗಾಗಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100ರಲ್ಲಿಟ್ಟರೆ ಪಟ್ಟೆ ಬೀಳುವುದು ಕಡಿಮೆ.

ಆದರೂ ಸಮಸ್ಯೆ ಉಳಿಯುತ್ತದೆ. ಬೆಳಕು ನೆತ್ತಿಯ ಮೇಲಿಂದ ಬೀಳುವುದರಿಂದ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ಒಂದು ಮೂಲೆಯಲ್ಲಿ ಹಳದಿ ಬಲ್ಬು, ಇನ್ನೊಂದರಲ್ಲಿ ಹಸಿರು ಛಾಯೆಯ ಟ್ಯೂಬ್. ಫ್ಲ್ಯಾಶ್ ಕೊಳ್ಳುವುದು ಮುಖ್ಯವಾಗಿ ಇದಕ್ಕೆ: ಮುಖದ ಮೇಲೆ ಯಾವ ದಿಕ್ಕಿನಿಂದ, ಯಾವ ಬಣ್ಣದ ಬೆಳಕು ಬೀಳಬೇಕು ಅನ್ನೋದು ನಮ್ಮ ಕೈಗೆ ಬರಲಿ ಅಂತ.

ತಲೆ ತಿರುಗದ ಫ್ಲ್ಯಾಶ್ ಬೇಡ

ಅಂಗಡಿಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಫ್ಲ್ಯಾಶಿನ ತಲೆ ಮೇಲಕ್ಕೆ 90 ಡಿಗ್ರಿ ಏಳಬೇಕು, ಎಡಬಲಕ್ಕೆ, ಹಿಂದಕ್ಕೂ ತಿರುಗಬೇಕು. ಬರೀ ಮೇಲಕ್ಕೆ ಏಳುವುದು ಸಾಲದು. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದಾಗ ಅದು ಗೋಡೆ ಕಡೆ ತಿರುಗಿಬಿಡುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಸಣ್ಣ ಮೂಲದಿಂದ ಹೊರಟ ಬೆಳಕು, ದೂರ ಎರಡು ಪಟ್ಟಾದರೆ ಕಾಲು ಭಾಗಕ್ಕೆ ಇಳಿಯುತ್ತದೆ. ನೇರವಾಗಿ ಹೊಡೆದರೆ 2 ಮೀಟರ್ ದೂರದಲ್ಲಿ ಕೂತವರಿಗೆ ಸಿಗುವ ಬೆಳಕಿನ ನಾಲ್ಕನೇ ಒಂದು ಭಾಗ ಮಾತ್ರ 4 ಮೀಟರ್ ದೂರದವರಿಗೆ. ಮುಂದಿನ ಸಾಲಿನವರು ಸುಣ್ಣ ಬಳಿದಂತೆ, ಹಿಂದಿನವರು ಕತ್ತಲಲ್ಲಿ. ಅದೇ ಬೆಳಕನ್ನು ಸೂರಿಗೆ ಹೊಡೆದರೆ ಇಡೀ ಸೂರೇ ದೊಡ್ಡ ದೀಪದಂತಾಗುತ್ತದೆ. ಹಿಂದಿನ ಸಾಲಿಗೂ ಮುಂದಿನ ಸಾಲಿಗೂ ಅಂತರ ತಗ್ಗುತ್ತದೆ, ನೆರಳು ಮೆತ್ತಗಾಗುತ್ತದೆ, ಕನ್ನಡಕದ ಹೊಳಪೂ ಕೆಂಗಣ್ಣೂ ತಪ್ಪುತ್ತವೆ.

ಸೂರು ಬಿಳಿ ಇರಬೇಕು, ಮೂರ್ನಾಲ್ಕು ಮೀಟರ್ ಎತ್ತರದೊಳಗೆ ಇದ್ದರೆ ಒಳ್ಳೆಯದು. ಬಿಳಿ ಬಳಿದ ಆರ್‌ಸಿಸಿ ಸೂರಿನ ಸಮುದಾಯ ಭವನಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ತಗಡಿನ ಶೀಟು, ಶಾಮಿಯಾನ, ಹಳೆಯ ಟೌನ್‌ಹಾಲ್‌ಗಳ ಎತ್ತರದ ಸೂರು ಇದ್ದರೆ ನಡೆಯುವುದಿಲ್ಲ. ಹಸಿರು ಗೋಡೆಗೆ ಹೊಡೆದರೆ ಮುಖವೂ ಹಸಿರಾಗುತ್ತದೆ. ಅಂಥ ಕಡೆ ನಾನು ಪಕ್ಕದಲ್ಲಿ ಒಂದು ಬಿಳಿ ಥರ್ಮಾಕೋಲ್ ಹಾಳೆಯನ್ನು ಯಾರಿಗಾದರೂ ಹಿಡಿಯಲು ಕೊಟ್ಟು ಅದಕ್ಕೆ ಹೊಡೆಯುತ್ತೇನೆ. ಕಾಸಿಲ್ಲದ ಉಪಾಯ, ಕೆಲಸ ಮಾತ್ರ ಗಟ್ಟಿ.

ಗೈಡ್ ನಂಬರಿನ ಲೆಕ್ಕ

ಡಬ್ಬಿಯ ಮೇಲೆ "ಜಿಎನ್ 60" ಎಂದು ದೊಡ್ಡದಾಗಿ ಬರೆದಿರುತ್ತದೆ. ಗೈಡ್ ನಂಬರನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ, ಐಎಸ್ಒ 100ರಲ್ಲಿ ಬೆಳಕು ಎಷ್ಟು ಮೀಟರ್ ಮುಟ್ಟುತ್ತದೆ ಅಂತ ಸಿಗುತ್ತದೆ. ಆದರೆ ಆ 60 ಸಾಮಾನ್ಯವಾಗಿ ಫ್ಲ್ಯಾಶಿನ ತಲೆಯನ್ನು 200 ಮಿ.ಮೀ.ಗೆ ಜೂಮ್ ಮಾಡಿದಾಗಿನ ಲೆಕ್ಕ. ಅದೇ ಗಾತ್ರದ ಫ್ಲ್ಯಾಶ್ 35 ಮಿ.ಮೀ.ಗೆ ಬಂದಾಗ ಸುಮಾರು 36ಕ್ಕೆ ಇಳಿಯುತ್ತದೆ. ಎರಡು ಫ್ಲ್ಯಾಶ್ ಹೋಲಿಸುವಾಗ ಒಂದೇ ಜೂಮ್‌ನ ಸಂಖ್ಯೆ ಹಿಡಿದು ಹೋಲಿಸಿ.

ಒಂದು ಉದಾಹರಣೆ. ಗೈಡ್ ನಂಬರ್ 36. ಐಎಸ್ಒ 1600 ಮಾಡಿದರೆ ಅದು ನಾಲ್ಕು ಪಟ್ಟಾಗಿ 144. ಎಫ್/4ರಲ್ಲಿ 36 ಮೀಟರ್. ಸೂರಿಗೆ ಹೊಡೆದಾಗ ಎರಡು ಸ್ಟಾಪ್ ಬೆಳಕು ಹಾಳಾಯಿತು ಅಂದುಕೊಳ್ಳಿ, ದೂರ ಅರ್ಧವಾಗಿ 18 ಮೀಟರ್. ಫ್ಲ್ಯಾಶಿನಿಂದ ಸೂರಿಗೆ, ಅಲ್ಲಿಂದ ಭಾಷಣಕಾರರಿಗೆ ಒಟ್ಟು 8 ಮೀಟರ್ ದಾರಿ ಇದ್ದರೆ, ಪೂರ್ಣ ಪವರಿನ ಕಾಲು ಭಾಗದಲ್ಲೇ ಕೆಲಸ ಆಗುತ್ತದೆ. ಅಂದರೆ ಈ ಗಾತ್ರದ ಫ್ಲ್ಯಾಶ್ ನಮ್ಮ ಸಭಾಭವನಗಳಿಗೆ ಸಾಕು. ಇದಕ್ಕಿಂತ ತೀರಾ ಸಣ್ಣದು ತಗೊಂಡರೆ ಪ್ರತಿ ಸಲವೂ ಪೂರ್ಣ ಪವರ್ ಉಗುಳಿ ಸುಸ್ತಾಗುತ್ತದೆ.

ಟಿಟಿಎಲ್ಲೋ, ಮ್ಯಾನುಯಲ್ಲೋ?

ಮ್ಯಾನುಯಲ್ ಫ್ಲ್ಯಾಶಿನಲ್ಲಿ ಪವರನ್ನು ನಾವೇ ಇಡಬೇಕು. ಟಿಟಿಎಲ್‌ನಲ್ಲಿ ಫೋಟೊಗೆ ಮುನ್ನ ಒಂದು ಸಣ್ಣ ಮಿಂಚು ಹೊರಟು, ಲೆನ್ಸಿನೊಳಗೆ ವಾಪಸು ಬಂದ ಬೆಳಕನ್ನು ಅಳೆದು ಕ್ಯಾಮೆರಾವೇ ಪವರ್ ತೀರ್ಮಾನಿಸುತ್ತದೆ. ಸಭೆಯಲ್ಲಿ ಓಡಾಡುತ್ತಾ ತೆಗೆಯುವವರಿಗೆ ಟಿಟಿಎಲ್ ಅನುಕೂಲ. ಒಂದೇ ಕಡೆ ನಿಂತು ವೇದಿಕೆ ತೆಗೆಯುವವರಿಗೆ ಮ್ಯಾನುಯಲ್ ಸಾಕು, ಪ್ರತಿ ಚಿತ್ರವೂ ಒಂದೇ ಸಮ ಬರುತ್ತದೆ.

ಆದರೆ ಟಿಟಿಎಲ್ ಕುರುಡು ನಂಬಿಕೆಗೆ ಯೋಗ್ಯ ಅಲ್ಲ. ಕ್ಯಾಮೆರಾ ಕಂಡದ್ದನ್ನೆಲ್ಲ ನಡು ಬೂದಿ ಬಣ್ಣದ ಹತ್ತಿರಕ್ಕೆ ತರಲು ನೋಡುತ್ತದೆ. ಬಿಳಿ ಫ್ಲೆಕ್ಸು, ಬಿಳಿ ಅಂಗಿ, ಬಿಳಿ ಪಂಚೆ ಕಂಡರೆ "ಬೆಳಕು ಜಾಸ್ತಿಯಾಯ್ತು" ಅಂತ ಪವರ್ ಇಳಿಸುತ್ತದೆ. ನನ್ನ ಫೋಟೊದಲ್ಲಿ ಆಗಿದ್ದು ಇದೇ. ಬಿಳಿ ಅಂಗಿಯ ಲೆಕ್ಕಕ್ಕೆ ಅಕ್ಕನ ಮುಖ ಕತ್ತಲಾಯಿತು. ಇದಕ್ಕೆ ಮದ್ದು ಫ್ಲ್ಯಾಶ್ ಎಕ್ಸ್‌ಪೋಶರ್ ಕಾಂಪನ್ಸೇಶನ್. ಅದನ್ನು +1ಕ್ಕೆ ಏರಿಸಿ, ಒಂದು ಚಿತ್ರ ತೆಗೆದು, ಪರದೆಯಲ್ಲಿ ಮುಖವನ್ನು ದೊಡ್ಡದು ಮಾಡಿ ನೋಡಿ. ಅಂಗಿ ಸ್ವಲ್ಪ ಸುಟ್ಟರೂ ಚಿಂತೆಯಿಲ್ಲ, ಮುಖ ಬರಬೇಕು. ಈ ಗುಂಡಿ ಸುಲಭಕ್ಕೆ ಕೈಗೆ ಸಿಗುವ ಫ್ಲ್ಯಾಶನ್ನೇ ಕೊಳ್ಳಿ.

ಕಪ್ಪು ಚರ್ಮ ಫೋಟೊದಲ್ಲಿ ಕಾಣೆಯಾಗುವುದಕ್ಕೆ ಹಳೆಯ ಚರಿತ್ರೆಯೇ ಇದೆ. ಕಲರ್ ಫಿಲಂ ಕಾಲದಲ್ಲಿ ಲ್ಯಾಬುಗಳು ಬಣ್ಣ ಹೊಂದಿಸಲು "ಶರ್ಲಿ ಕಾರ್ಡ್" ಬಳಸುತ್ತಿದ್ದವು. ದಶಕಗಳ ಕಾಲ ಅದರಲ್ಲಿ ಇದ್ದದ್ದು ಬಿಳಿ ಹೆಣ್ಣುಮಗಳ ಚಿತ್ರ. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಿಸುವವರು ಕಂದು ಬಣ್ಣ ಸರಿಯಾಗಿ ಬರುತ್ತಿಲ್ಲ ಎಂದು ದೂರಿದ್ದು ಕೊಡಾಕ್ ಫಿಲಂ ಬದಲಾಗಲು ಒತ್ತಡ ತಂದಿತು ಎಂಬ ಸಂಗತಿಯೂ ಅವರ ಬರಹದಲ್ಲಿದೆ. ಕುದುರೆಗೆ ಬಾಯಿಲ್ಲ, ಯಂತ್ರಕ್ಕೆ ಜಾತಿಯಿಲ್ಲ ಅಂತ ಸುಮ್ಮನೆ ಇರಲು ಬರುವುದಿಲ್ಲ. ಯಾರ ಮುಖಕ್ಕೆ ಅಳತೆ ಹಿಡಿಯಬೇಕು ಅನ್ನೋದನ್ನ ಯಾರೋ ಒಬ್ಬರು ತೀರ್ಮಾನಿಸಿರುತ್ತಾರೆ.

ಸೆಲ್ಲು, ಶೂ, ಸೆಕೆಂಡ್ ಹ್ಯಾಂಡ್

ಒಂದು ಮಿಂಚಿಗೂ ಮುಂದಿನದಕ್ಕೂ ನಡುವಿನ ಕಾಯುವ ಹೊತ್ತು ಸಭೆಯಲ್ಲಿ ಬಹಳ ಮುಖ್ಯ. ನಾಲ್ಕು ಎಎ ಸೆಲ್ಲಿನ ಫ್ಲ್ಯಾಶ್ ಪೂರ್ಣ ಪವರ್ ತುಂಬಿಕೊಳ್ಳಲು ಎರಡೂವರೆ ಸೆಕೆಂಡಿನಷ್ಟು ಹಿಡಿಯಬಹುದು. ಸಾಧಾರಣ ಆಲ್ಕಲೈನ್ ಸೆಲ್ ಬೇಡ, ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳ ಎರಡು ಜತೆ ಇಟ್ಟುಕೊಳ್ಳಿ. ಲಿಥಿಯಂ ಬ್ಯಾಟರಿಯ ಫ್ಲ್ಯಾಶ್ ಬೇಗ ತುಂಬಿಕೊಳ್ಳುತ್ತದೆ. ಗೋಡಾಕ್ಸ್ ವಿ860ರ ಎರಡನೇ ಆವೃತ್ತಿಗೆ ಕಂಪನಿ ಹೇಳುವ ಲೆಕ್ಕ ಸುಮಾರು ಒಂದೂವರೆ ಸೆಕೆಂಡ್, ಒಂದು ಚಾರ್ಜಿಗೆ 650 ಪೂರ್ಣ ಮಿಂಚು. ಆದರೆ ಆ ಬ್ಯಾಟರಿ ಅದಕ್ಕೊಂದಕ್ಕೇ. ಸಭೆಯ ನಡುವೆ ಖಾಲಿಯಾದರೆ ಪಕ್ಕದ ಅಂಗಡಿಯಲ್ಲಿ ಸಿಗುವುದಿಲ್ಲ.

ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುವ ಆವೃತ್ತಿಯನ್ನೇ ಕೇಳಿ. ಕ್ಯಾನನ್ನಿನ ಟಿಟಿಎಲ್ ಫ್ಲ್ಯಾಶ್ ನಿಕಾನ್‌ನಲ್ಲಿ ಟಿಟಿಎಲ್ ಆಗಿ ಕೆಲಸ ಮಾಡುವುದಿಲ್ಲ, ಸೋನಿಯ ಶೂ ಬೇರೆಯೇ. ಮಿರರ್‌ಲೆಸ್ ಇರುವವರು ಇನ್ನೊಂದು ಗಮನಿಸಿ: ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಬಹುತೇಕ ಕ್ಯಾಮೆರಾಗಳು ಫ್ಲ್ಯಾಶ್ ಹಾರಿಸುವುದೇ ಇಲ್ಲ.

ಫಿಲಂ ಕಾಲದ ಹಳೆಯ ಫ್ಲ್ಯಾಶ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಕೂರಿಸಬೇಡಿ. ಅವುಗಳಲ್ಲಿ ಕೆಲವು ಶೂ ಮೂಲಕ ನೂರಾರು ವೋಲ್ಟ್ ಹರಿಸುತ್ತವೆ, ಡಿಜಿಟಲ್ ಕ್ಯಾಮೆರಾ ಸುಟ್ಟುಹೋಗಬಹುದು.

ಹಾಗಾದರೆ ಯಾವುದು?

ಕೈಯಲ್ಲಿ ಕಡಿಮೆ ದುಡ್ಡಿದ್ದು ಕಲಿಯುವ ತಾಳ್ಮೆ ಇದ್ದರೆ, ಗೋಡಾಕ್ಸ್ ಟಿಟಿ600 ಅಥವಾ ಯೋಂಗ್‌ನುವೊ 560 ಥರದ ಮ್ಯಾನುಯಲ್ ಫ್ಲ್ಯಾಶ್. ಓಡಾಡಿ ತೆಗೆಯುವವರಿಗೆ ಟಿಟಿ685 ಥರದ, ಎಎ ಸೆಲ್ಲಿನ ಟಿಟಿಎಲ್ ಫ್ಲ್ಯಾಶ್. ವಾರಕ್ಕೆರಡು ಕಾರ್ಯಕ್ರಮ ಮಾಡುವವರಿಗೆ ಲಿಥಿಯಂ ಬ್ಯಾಟರಿಯದು. ಕ್ಯಾಮೆರಾ ಕಂಪನಿಗಳ ಸ್ವಂತ ಫ್ಲ್ಯಾಶ್‌ಗಳು ಗಟ್ಟಿಮುಟ್ಟು, ಬೆಲೆ ಮಾತ್ರ ಹಲವು ಪಟ್ಟು. ಸಂಘಟನೆಯಲ್ಲಿ ನಾಲ್ಕು ಜನ ಸೇರಿ ಒಂದು ಕೊಂಡು ಹಂಚಿಕೊಂಡರೂ ಆಯಿತು. ನಾವು ಮಾಡಿದ್ದು ಹಾಗೆಯೇ.

ಯಾವಾಗ ಒತ್ತಬಾರದು

1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಫ್ಲ್ಯಾಶ್ ಪುಡಿ ಬಂತು. ಅದನ್ನು ಹಿಡಿದು ಪತ್ರಕರ್ತ ಜೇಕಬ್ ರೀಸ್ ನ್ಯೂಯಾರ್ಕಿನ ಬಡವರ ಕತ್ತಲೆ ಕೋಣೆಗಳಿಗೆ ನುಗ್ಗಿದರು. 1890ರಲ್ಲಿ ಪುಸ್ತಕ ಬಂತು, ವಸತಿ ಸುಧಾರಣೆಯ ಚರ್ಚೆಗೆ ಬಲ ಬಂತು. ಆದರೆ ಆ ಚಿತ್ರಗಳಲ್ಲಿ ಕೆಲವರು ನಡುರಾತ್ರಿ ಬೆಚ್ಚಿಬಿದ್ದ ಕಣ್ಣುಗಳಲ್ಲಿ ನಮ್ಮನ್ನು ನೋಡುತ್ತಾರೆ. ಅವರನ್ನು ಯಾರೂ ಕೇಳಿರಲಿಲ್ಲ.

ನಾನೂ ಒಮ್ಮೆ ಹಾಗೆ ಮಾಡಿದ್ದೇನೆ. ಒಂದು ಅಹವಾಲು ಸಭೆಯಲ್ಲಿ ತಾಯಿಯೊಬ್ಬರು ಮಗನ ಸಾವಿನ ಬಗ್ಗೆ ಹೇಳುತ್ತಿದ್ದರು. ಮಿಂಚು ಹೊಡೆದೆ. ಅವರು ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು, ಮತ್ತೆ ಆ ಮಾತಿಗೆ ಮರಳಲಿಲ್ಲ. ಈಗ ಸಭೆ ಶುರುವಾಗುವ ಮೊದಲೇ ಮಾತಾಡುವವರ ಹತ್ತಿರ ಹೋಗಿ, "ಅಮ್ಮಾ, ಫೋಟೊ ತೆಗೀಬಹುದಾ? ಇದು ಮಿಂಚುತ್ತೆ" ಅಂತ ಕೇಳುತ್ತೇನೆ. ಬೇಡ ಅಂದರೆ ಫ್ಲ್ಯಾಶ್ ಆಫ್. ಮೊದಲ ಎರಡು ನಿಮಿಷದಲ್ಲಿ ನಾಲ್ಕೈದು ಚಿತ್ರ ತೆಗೆದು ಕೂತುಬಿಡುತ್ತೇನೆ.

ಆ ಪೌರಕಾರ್ಮಿಕ ಅಕ್ಕ ಮುಂದಿನ ವರ್ಷದ ಸಭೆಯಲ್ಲೂ ಮಾತಾಡಿದರು. ಸೂರಿಗೆ ಹೊಡೆದು, +1 ಇಟ್ಟು ತೆಗೆದೆ. ಸಭೆ ಮುಗಿದ ಮೇಲೆ ಕ್ಯಾಮೆರಾ ಪರದೆಯಲ್ಲಿ ತೋರಿಸಿದಾಗ ಬಗ್ಗಿ ನೋಡಿ, "ಹ್ಞಾಂ, ಇದು ನಾನು" ಅಂದರು. ಮನೆಗೆ ಒಂದು ಪ್ರಿಂಟ್ ಬೇಕು ಅಂದರು. ಹಾಕಿಸಿಕೊಟ್ಟೆ.