ಒಂದು ಗೋಲಿನ ಮರ್ಯಾದೆ

ಕಳೆದ ತಿಂಗಳ ಒಂದು ಸಂಜೆ ದೊಡ್ಡಬಳ್ಳಾಪುರದ ನಮ್ಮ ಮನೆಯ ಜಗಲಿಯ ಮೇಲೆ ತಮ್ಮನೂ ಅವನ ಗೆಳೆಯರೂ ಮುಖ ಇಳಿಬಿಟ್ಟುಕೊಂಡು ಕೂತಿದ್ದರು. ಬೆಂಗಳೂರಿನ ಕಾಲೇಜೊಂದರ ಎದುರು ಇವರ ಕಾಲೇಜಿನ ಫುಟ್‌ಬಾಲ್ ತಂಡ 2-1ರಿಂದ ಸೋತಿತ್ತು. ಪಕ್ಕದ ಮನೆಯ ಮಗ್ಗಗಳ ಸದ್ದನ್ನೂ ಮೀರಿ ವಾದ ನಡೆದಿತ್ತು.

'ಅವರ ಕೋಚೇ ಬಂದು ಕೈ ಕುಲುಕಿ ಚೆನ್ನಾಗಿ ಆಡಿದ್ರಿ ಅಂದ್ರಲ್ಲ, ಅದು ಮರ್ಯಾದೆ ಅಲ್ವೇನೋ?' ಎಂದ ಒಬ್ಬ.

'ಗೆದ್ದೋರು ಸೋತೋರಿಗೆ ಹಂಗೇ ಹೇಳೋದು ಕಣೋ. ನಾಳೆ ನಮ್ಮ ಹೆಸರೂ ನೆನಪಿರಲ್ಲ ಅವರಿಗೆ' ಎಂದ ಇನ್ನೊಬ್ಬ. ಪೆನಾಲ್ಟಿ ಹೊರಗೆ ಹೊಡೆದಿದ್ದ ಹುಡುಗ ಮಾತ್ರ ತುಟಿ ಬಿಚ್ಚಲಿಲ್ಲ. ಕೊನೆಗೆ ತಮ್ಮ ನನ್ನ ಕಡೆ ತಿರುಗಿ, 'ಅಕ್ಕಾ, ನೀನು ಹಿಸ್ಟರಿ ಓದ್ತಿರೋಳು, ನೀನೇ ಹೇಳು' ಎಂದ.

ನನಗೆ ನೆನಪಾದದ್ದು ಇನ್ನೊಂದು 2-1.

1948ರ ಜುಲೈ 31. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಇಲ್ಫರ್ಡ್ ಎಂಬಲ್ಲಿ ಫ್ರಾನ್ಸ್ ವಿರುದ್ಧ ಆಡಿತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಅದು ನಮ್ಮ ಮೊದಲ ಪಂದ್ಯ. ನಾಯಕ ನಾಗಾ ಬೆಟ್ಟಗಳಿಂದ ಬಂದ ತಾಲಿಮೆರೆನ್ ಆವೊ. ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಸಮ ಮಾಡಿದರು. ಆದರೆ ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಇನ್ನೇನು ಆಟ ಮುಗಿಯಬೇಕು ಅನ್ನುವಾಗ, 89ನೇ ನಿಮಿಷದಲ್ಲಿ, ಫ್ರಾನ್ಸಿನ ಎರಡನೇ ಗೋಲು ಬಿತ್ತು. ಸೋತರೆ ಮನೆಗೆ ಎಂಬ ನಿಯಮ. ಒಂದೇ ಪಂದ್ಯಕ್ಕೆ ನಮ್ಮ ಕಥೆ ಮುಗಿಯಿತು.

ಈ ಸೋಲನ್ನು ನಾವು ನೆನಪಿಟ್ಟುಕೊಂಡ ಬಗೆ ವಿಚಿತ್ರ. ಪ್ರೇಕ್ಷಕರು ಬರಿಗಾಲಿನ ಆಟಕ್ಕೆ ಚಪ್ಪಾಳೆ ತಟ್ಟಿದ್ದು, ಅರಮನೆಯವರು ಆಟಗಾರರ ಕಾಲನ್ನು ಕಂಡು ಬೆರಗಾದದ್ದು, ಇಂಥ ಕಥೆಗಳು ಇಂದಿಗೂ ಬಾಯಿಂದ ಬಾಯಿಗೆ ಓಡಾಡುತ್ತಿವೆ. ಅವುಗಳಲ್ಲಿ ನಿಜವೆಷ್ಟು, ಒಗ್ಗರಣೆಯೆಷ್ಟು ಎಂಬುದು ಬೇರೆ ಮಾತು. ಆದರೆ ಕಥೆಗಳೆಲ್ಲ ಪಾದದ ಸುತ್ತಲೇ ಸುತ್ತುತ್ತವೆ. ಕೈತಪ್ಪಿದ ಪೆನಾಲ್ಟಿಗಳ ಕಥೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಗೋಲು ಹೊಡೆದ ರಾಮನ್ ಅವರ ಹೆಸರು ಅವರದೇ ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಆಗಷ್ಟೇ ಹುಟ್ಟಿದ ದೇಶಕ್ಕೆ ಆ ಚಪ್ಪಾಳೆ ಬೇಕಿತ್ತು, ನಿಜ. ಆಳಿದವರ ನೆಲದಲ್ಲೇ ಮೆಚ್ಚುಗೆ ಸಿಕ್ಕಿತಲ್ಲ ಎಂಬ ಹಿಗ್ಗು ಸಣ್ಣದಲ್ಲ. ಮೂರು ವರ್ಷಗಳ ನಂತರ, 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ, ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಾಗ ಬರಿಗಾಲೇ ನಮ್ಮ ಬಲ ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಗಿರಬೇಕು.

ಮುಂದಿನ ಒಲಿಂಪಿಕ್ಸ್ 1952ರಲ್ಲಿ, ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ. ಅಲ್ಲಿನ ತಂಪು ನೆಲದ ಮೇಲೂ ನಮ್ಮವರಲ್ಲಿ ಬಹಳಷ್ಟು ಮಂದಿ ಬೂಟಿಲ್ಲದೆ ಇಳಿದರು. ಯುಗೊಸ್ಲಾವಿಯ 10-1ರಿಂದ ಗೆದ್ದಿತು. ನಮ್ಮ ಆ ಒಂದು ಗೋಲು ಹೊಡೆದವರೂ ಬೆಂಗಳೂರಿನವರೇ, ಅಹ್ಮದ್ ಖಾನ್. ಇಲ್ಫರ್ಡ್‌ನಲ್ಲೂ ಆಡಿದ್ದವರು. ಹತ್ತು ಗೋಲು ತಿಂದ ಮೇಲೆ ಫುಟ್‌ಬಾಲ್ ಒಕ್ಕೂಟ ಬೂಟನ್ನು ಕಡ್ಡಾಯ ಮಾಡಿತು. 1956ರ ಮೆಲ್ಬರ್ನ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಬಂತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಅದಕ್ಕಿಂತ ಎತ್ತರಕ್ಕೆ ನಾವು ಹೋಗಲೇ ಇಲ್ಲ.

ಬೂಟು ಒಂದರಿಂದಲೇ ಇದೆಲ್ಲ ಆಯಿತು ಎನ್ನಲಾರೆ. ಆದರೆ 10-1 ಕಲಿಸಿದ ಪಾಠವನ್ನು 2-1 ಕಲಿಸಲಿಲ್ಲ. ಕೂದಲೆಳೆಯಲ್ಲಿ ಸೋತವರಿಗೆ ಸಮಾಧಾನ ಬೇಗ ಸಿಗುತ್ತದೆ. ಪರರು ಕೊಟ್ಟ ಮೆಚ್ಚುಗೆಯನ್ನು ನಾವು ಪದಕದ ಹಾಗೆ ಜೋಪಾನ ಮಾಡಿದೆವು. ಅದರಲ್ಲೇ ನಾಲ್ಕು ವರ್ಷ ಕಳೆದವು ಎಂದು ನನಗನ್ನಿಸುತ್ತದೆ.

ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ಅಮ್ಮ ಟೀ ತಂದಿಟ್ಟಿದ್ದಳು.

'ಅಂದ್ರೆ ಆ ಕೋಚ್ ಕೈ ಕುಲುಕಿದ್ದು ಸುಳ್ಳಾ ಅಕ್ಕಾ?' ಎಂದು ಮೊದಲನೆಯವನು ಕೇಳಿದ. ಪಾಪ, ಅವನ ದನಿ ಸಣ್ಣದಾಗಿತ್ತು.

'ಸುಳ್ಳಲ್ಲ ಕಣೋ. ನೀವು ಚೆನ್ನಾಗೇ ಆಡಿದ್ರಿ. ಆದ್ರೆ ಅದನ್ನ ಅವರು ಹೇಳಿದ ಮೇಲೇ ನಂಬೋದಾದ್ರೆ, ಎಲ್ಲಿ ತಪ್ಪಿತು ಅಂತ ನೋಡೋರು ಯಾರು?'

ಯಾರೂ ಉತ್ತರ ಕೊಡಲಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದ ಪೆನಾಲ್ಟಿಯ ಹುಡುಗ ಲೋಟ ಕೆಳಗಿಟ್ಟು ಎದ್ದ. 'ಇನ್ನೂ ಬೆಳಕಿದೆ, ಬಾಲ್ ತಗೊಂಡು ಬಾರೋ' ಎಂದು ನನ್ನ ತಮ್ಮನಿಗೆ ಹೇಳಿದ.