ವತನದಿಂದ ಬೋನಸಿನವರೆಗೆ

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಗಳ ಹಾಜರಿ ಪುಸ್ತಕವನ್ನು ತೆರೆದರೆ ಪಾಟೀಲ, ಕುಲಕರ್ಣಿ, ದೇಶಮುಖ, ದೇಶಪಾಂಡೆ, ಇನಾಮದಾರ ಎಂಬ ಅಡ್ಡಹೆಸರುಗಳು ಕಣ್ಣಿಗೆ ಬೀಳುತ್ತವೆ. ಇವು ಒಂದು ಕಾಲಕ್ಕೆ ಹುದ್ದೆಗಳ, ಇಲ್ಲವೆ ಸೇವೆಗೆ ದೊರೆತ ಪ್ರತಿಫಲದ ಹೆಸರುಗಳಾಗಿದ್ದವು. ಸರಕಾರದ ಹಿರಿಯ ಅಧಿಕಾರಿಗಳಿಗೆ ಅವರ ಕಾರ್ಯವನ್ನು ಅಳೆದು ವೇತನದ ಮೇಲೆ ಬೋನಸು ಕೊಡಬೇಕೆಂಬ ಮಾತು ನಮ್ಮ ಕಾಲದಲ್ಲಿ ಮತ್ತೆ ಮತ್ತೆ ಏಳುತ್ತಿರುವುದರಿಂದ, ಈ ಹೆಸರುಗಳ ಹಿಂದಿನ ಇತಿಹಾಸವನ್ನು ನಾವು ಸ್ವಲ್ಪ ವಿಚಾರಿಸುವುದು ಉಚಿತವಾಗಿದೆ.

ಮರಾಠರ ಆಳಿಕೆಯಲ್ಲಿ ಊರಿಗೆ ಪಾಟೀಲ ಕುಲಕರ್ಣಿಯರೂ ಪರಗಣೆಗೆ ದೇಶಮುಖ ದೇಶಪಾಂಡೆಯರೂ ಇದ್ದು ವಸೂಲಿಯನ್ನೂ ಲೆಕ್ಕವನ್ನೂ ನೋಡುತ್ತಿದ್ದರು. ಇವರಿಗೆ ತಿಂಗಳ ಪಗಾರವಿರಲಿಲ್ಲ. ಇನಾಮು ಭೂಮಿ ಮತ್ತು ಕಂದಾಯದಲ್ಲಿ ಗೊತ್ತಾದ ಪಾಲು ಇವರ ಹಕ್ಕಾಗಿದ್ದವು. ದುಡಿಮೆಗೆ ತಕ್ಕ ಪ್ರತಿಫಲವೆಂದೇ ಇದನ್ನು ಕರೆಯಬಹುದಾಗಿತ್ತು. ಆದರೆ ವತನವು ವಂಶಪಾರಂಪರ್ಯವಾದುದು. ಅಜ್ಜನ ದಕ್ಷತೆಗೆ ದೊರೆತುದನ್ನು ಮೊಮ್ಮಗನು, ದಕ್ಷನಿರಲಿ ಇಲ್ಲದಿರಲಿ, ಅನುಭವಿಸಿದನು.

ಅಕ್ಕಲಕೋಟೆಯ ಸಂಸ್ಥಾನವೂ ಇದಕ್ಕೆ ನಿದರ್ಶನವಾಗಿದೆ. 1707ರಲ್ಲಿ ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಬರುತ್ತಿದ್ದ ಶಾಹು ಮಹಾರಾಜರಿಗೆ ಪಾರದ ಎಂಬ ಗ್ರಾಮದಲ್ಲಿ ಕಾಳಗ ಒದಗಿತು. ಅಲ್ಲಿಯ ಪಾಟೀಲನು ಮಡಿಯಲು, ಅವನ ಹೆಂಡತಿ ತನ್ನ ಮಗು ರಾಣೋಜಿಯನ್ನು ಶಾಹುವಿನ ಪಾದದಲ್ಲಿರಿಸಿದಳು. ಮುಂದೆ ಫತೇಸಿಂಹ ಭೋಸಲೆ ಎಂದು ಹೆಸರಾಗಿ ಅಕ್ಕಲಕೋಟೆಯ ಜಹಗೀರನ್ನು ಪಡೆದವನು ಈ ಮಗುವೇ. ಈ ಜಹಗೀರಿಗೆ ಕುದುರೆಯ ದಳವನ್ನು ಒದಗಿಸುವ ಹೊಣೆ ಅಂಟಿಕೊಂಡಿತ್ತು. 1868ರಲ್ಲಿ ಆ ದಳವು ವಿಸರ್ಜಿತವಾಗಿ, ಅದರ ಬದಲು ನಗದು ಹಣ ಕೊಡುವ ಪದ್ಧತಿ ಬಂದಿತು. ಸೇವೆ ನಿಂತಿತು, ಜಹಗೀರು ಮಾತ್ರ 1948ರ ವಿಲೀನದವರೆಗೂ ಮುಂದುವರಿಯಿತು.

ಇಂಗ್ಲಿಷರು ಈ ದೋಷವನ್ನು ಕಂಡರೂ ಇನ್ನೊಂದಕ್ಕೆ ಒಳಗಾದರು. 1786ರಿಂದ 1793ರವರೆಗೆ ಗವರ್ನರ್ ಜನರಲನಾಗಿದ್ದ ಕಾರ್ನವಾಲಿಸನು ಬಂಗಾಲದ ಕಲೆಕ್ಟರನಿಗೆ ತಿಂಗಳಿಗೆ 1500 ರೂಪಾಯಿ ವೇತನವನ್ನೂ, ವಸೂಲಾದ ಕಂದಾಯದ ಮೇಲೆ ನೂರಕ್ಕೆ ಸುಮಾರು ಒಂದರಂತೆ ಕಮಿಶನ್ನನ್ನೂ ಗೊತ್ತುಮಾಡಿದನು. ಲಂಚವನ್ನು ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಅಳತೆಗೋಲು ವಸೂಲಿಯೊಂದೇ ಆಯಿತು. ಇಂಥ ಅಳತೆಯನ್ನು ನಮ್ಮ ಸೊಲ್ಲಾಪುರಕ್ಕೆ ಹಚ್ಚಿ ನೋಡೋಣ. ಇದು ಮಳೆಯ ಕೊರತೆಯ ಜಿಲ್ಲೆ. 1876ರಲ್ಲಿ ತೊಡಗಿದ ಮಹಾಕ್ಷಾಮ ಇಲ್ಲಿಯೂ ಹಬ್ಬಿತ್ತು. ಬರಗಾಲದಲ್ಲಿ ಕಂದಾಯ ಮಾಫಿ ಮಾಡಿಸಿ ಜನರಿಗೆ ಕೆಲಸ ಒದಗಿಸುವ ಅಧಿಕಾರಿಯ ವಸೂಲಿ ಇಳಿಯುತ್ತದೆ. ರೈತನ ಎತ್ತು ಮಾರಿಸಿ ಹಣ ಕಟ್ಟಿಸಿಕೊಳ್ಳುವವನ ವಸೂಲಿ ಏರುತ್ತದೆ. ಕಮಿಶನ್ನಿನ ಲೆಕ್ಕದಲ್ಲಿ ಎರಡನೆಯವನೇ ದಕ್ಷನು!

ಶಿಕ್ಷಕರಿಗೂ ಈ ಅನುಭವ ಹೊಸದಲ್ಲ. ಇಂಗ್ಲಂಡಿನಲ್ಲಿ 1862ರ ನಿಯಮದಂತೆ ಓದು, ಬರಹ, ಲೆಕ್ಕಗಳ ಪರೀಕ್ಷೆಯ ಫಲವನ್ನು ನೋಡಿ ಶಾಲೆಗೆ ಅನುದಾನ ಕೊಟ್ಟಾಗ, ಪಾಠವು ಬಾಯಿಪಾಠವಾಗಿ ಹೋಯಿತು. ಆ ಶತಮಾನ ಮುಗಿಯುವ ಮುನ್ನವೇ ಆ ಪದ್ಧತಿಯನ್ನು ಬಿಡಬೇಕಾಯಿತು.

ಮುಂಬಯಿ ಸರಕಾರವು 1950ರ ಕಾಯಿದೆಯಿಂದ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಗೊಳಿಸಿತು. ರೇಲ್ವೆಯಲ್ಲಿ 1979-80ರಿಂದ ಉತ್ಪಾದನೆಗೆ ಹೊಂದಿದ ಬೋನಸು ಬಂದಿತು. ರೇಲ್ವೆಯ ವಿಭಾಗೀಯ ಕೇಂದ್ರವಾದ ಸೊಲ್ಲಾಪುರಕ್ಕೆ ಇದು ಪರಿಚಿತವೇ. ಆದರೆ ಗೆಜೆಟೆಡ್ ಅಧಿಕಾರಿಗಳು ಅದರ ಹೊರಗೆ ಉಳಿದರು. ಶ್ರೀಕೃಷ್ಣರ ಅಧ್ಯಕ್ಷತೆಯ ಆರನೆಯ ಕೇಂದ್ರ ವೇತನ ಆಯೋಗವು 2008ರಲ್ಲಿಯೂ, ಮಾಥುರರ ಅಧ್ಯಕ್ಷತೆಯ ಏಳನೆಯದು 2015ರಲ್ಲಿಯೂ ಕಾರ್ಯವನ್ನು ಅಳೆದು ಪ್ರತಿಫಲ ಕೊಡಬೇಕೆಂದು ಶಿಫಾರಸು ಮಾಡಿದವು.

ಒಳ್ಳೆಯ ದುಡಿಮೆಗೆ ಮೆಚ್ಚುಗೆ ಸಲ್ಲಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ವರುಷದ ಮೆಚ್ಚುಗೆ ಆ ವರುಷಕ್ಕೇ ಮುಗಿಯಬೇಕು. ಇಲ್ಲವಾದರೆ ಅದು ಹೊಸ ವತನವಾದೀತು. ಅಳೆಯುವವರು ಕಚೇರಿಯ ಅಂಕಿಗಳೊಡನೆ ಹಳ್ಳಿಯ ಬಾವಿಯನ್ನೂ ಶಾಲೆಯನ್ನೂ ನೋಡಬೇಕು. ಬರದ ವರುಷದಲ್ಲಿ ಕಡಿಮೆ ವಸೂಲಿ ಮಾಡಿ ಹೆಚ್ಚು ಜೀವಗಳನ್ನು ಉಳಿಸಿದ ಅಧಿಕಾರಿಗೆ ಯಾವ ಲೆಕ್ಕದಲ್ಲಿ ಬೋನಸು ಸಿಗುವುದೋ, ಆ ಲೆಕ್ಕವೇ ನ್ಯಾಯವಾದುದೆಂದು ನಾವು ತಿಳಿಯುತ್ತೇವೆ.